ರಗ್ಬಿಯಲ್ಲಿ ಪುಟ್ಟ ದೇಶಗಳು ದೊಡ್ಡವುಗಳಿಗೆ ಸಾಟಿಯಾಗುವುದು ಹೇಗೆ?

ಒಟ್ಟು ಜನಸಂಖ್ಯೆಗಿಂತ, ರಗ್ಬಿಯನ್ನೇ ಮೊದಲ ಆಟವಾಗಿ ಆರಿಸಿಕೊಳ್ಳುವವರ ಪಾಲು ಮುಖ್ಯ. ಸುಮಾರು 9 ಲಕ್ಷ ಜನರ ಫಿಜಿಯಲ್ಲಿ ಗಟ್ಟಿಮುಟ್ಟಾದ, ವೇಗದ ಹುಡುಗರು ಹೆಚ್ಚಾಗಿ ರಗ್ಬಿಗೇ ಬರುತ್ತಾರೆ. ಅಮೆರಿಕದಲ್ಲಿ ಅಂಥವರನ್ನು ಬ್ಯಾಸ್ಕೆಟ್‌ಬಾಲ್‌ನಂಥ ಆಟಗಳು ಸೆಳೆದುಕೊಳ್ಳುತ್ತವೆ.

ರಗ್ಬಿಯ ಕಿರು ರೂಪವಾದ ಸೆವೆನ್ಸ್‌ನಲ್ಲಿ ಈ ಅನುಕೂಲ ಎದ್ದು ಕಾಣುತ್ತದೆ. ಪೂರ್ಣ ಮೈದಾನ, ತಂಡಕ್ಕೆ 7 ಜನ, 14 ನಿಮಿಷ: ಒಂದು ಟ್ಯಾಕಲ್ (ಚೆಂಡು ಹಿಡಿದವನನ್ನು ತಡೆದು ಕೆಡವುವುದು) ತಪ್ಪಿದರೂ ಟ್ರೈ (ಎದುರಾಳಿಯ ಗೆರೆಯಾಚೆ ಚೆಂಡನ್ನು ನೆಲಕ್ಕೊತ್ತಿ ಅಂಕ ಗಳಿಸುವುದು) ಬೀಳಬಹುದು. 2016ರ ರಿಯೊ ಒಲಿಂಪಿಕ್ಸ್ ಫೈನಲ್‌ನಲ್ಲಿ ಫಿಜಿ ಬ್ರಿಟನ್ನನ್ನು 43-7ರಿಂದ ಸೋಲಿಸಿತು. ಎಂಥ ಗೆಲುವು!

15 ಜನರ ಆಟ ಪುಟ್ಟ ದೇಶಗಳಿಗೆ ಕಷ್ಟ. 23 ಆಟಗಾರರ ಬಳಗದಲ್ಲಿ ಸ್ಕ್ರಮ್‌ನ (ಎರಡೂ ತಂಡದವರು ಸಾಲುಗಟ್ಟಿ ಬೆಸೆದುಕೊಂಡು ಚೆಂಡಿಗಾಗಿ ತಳ್ಳಾಡುವುದು) ಮುಂಸಾಲಿಗೇ ಪಳಗಿದ 6 ಮಂದಿ ಬೇಕು. ಬದಲಿ ಪ್ರಾಪ್‌ಗಳು (ಮುಂಸಾಲಿನ ಎರಡು ಬದಿಯವರು) ದುರ್ಬಲರಾದರೆ ಕೊನೆಯ 20 ನಿಮಿಷಗಳಲ್ಲಿ ಸ್ಕ್ರಮ್ ಕುಸಿದು ಪೆನಾಲ್ಟಿಗಳು ಎದುರಾಳಿಯ ಪಾಲಾಗುತ್ತವೆ. ಆದರೂ 2011ರ ವಿಶ್ವಕಪ್‌ನಲ್ಲಿ ಸುಮಾರು 1 ಲಕ್ಷ ಜನರ ಟೊಂಗಾ, ಮುಂದೆ ಫೈನಲ್‌ಗೇರಿದ ಫ್ರಾನ್ಸನ್ನು 19-14ರಿಂದ ಮಣಿಸಿತು.