ಓದಿದ್ದು ಒಳಗೆ ಇಳಿಯುತ್ತಿಲ್ಲ, ಏನು ಮಾಡಲಿ?

ಪ್ರಶ್ನೆ: ನಾನು ಸಕಲೇಶಪುರದವಳು. ಇಡೀ ಬೈಬಲನ್ನು ಒಂದೇ ವರ್ಷದಲ್ಲಿ ಓದಿ ಮುಗಿಸಬೇಕೆಂದು ಜನವರಿಯಲ್ಲಿ ಶುರು ಮಾಡಿದೆ. ಮೂರನೇ ಪುಸ್ತಕ ಯಾಜಕಕಾಂಡಕ್ಕೆ ಬರುವಷ್ಟರಲ್ಲಿ ಹಿಂದೆ ಬಿದ್ದೆ. ಈಗ ಬೆಳಗ್ಗೆ ಐದಕ್ಕೇ ಎದ್ದು ಗಡಿಬಿಡಿಯಲ್ಲಿ ಓದುತ್ತೇನೆ. ಎಂಟು ಗಂಟೆಗೆ ಮಕ್ಕಳ ಮೇಲೆ ಕಿರುಚುತ್ತೇನೆ. “ಬೈಬಲ್ ಓದಿ ಏನು ಬಂತು?” ಅಂತಾರೆ ಯಜಮಾನರು. ಓದು ನಿಲ್ಲಿಸಿಬಿಡಲೇ?

ಉತ್ತರ: ನಿಲ್ಲಿಸಬೇಡಿ, ಸಹೋದರಿ. ಆ ಓದುವ ಪಟ್ಟಿಯನ್ನು ಮಾತ್ರ ಪಕ್ಕಕ್ಕಿಡಿ. ಬೈಬಲಿನಲ್ಲಿ 66 ಪುಸ್ತಕ, 1,189 ಅಧ್ಯಾಯ. ವರ್ಷದೊಳಗೆ ಮುಗಿಯಬೇಕೆಂದರೆ ದಿನಕ್ಕೆ ಮೂರು ನಾಲ್ಕು ಅಧ್ಯಾಯ ಓದಲೇಬೇಕು. ಬಿಡುವಿದ್ದವರಿಗೆ ಅದು ಒಳ್ಳೆಯ ಅಭ್ಯಾಸವೇ. ಡಬ್ಬಿ ಕಟ್ಟುವ ಅವಸರದಲ್ಲಿ ಓದಿದರೆ ಕಣ್ಣು ಓಡುತ್ತದೆ, ಮನಸ್ಸು ಅಡುಗೆಮನೆಯಲ್ಲೇ ಇರುತ್ತದೆ, ಅಲ್ವಾ?

ಬೈಬಲಿನ ಕೀರ್ತನೆಗಳ ಪುಸ್ತಕದಲ್ಲಿ ಮೊದಲನೇ ಕೀರ್ತನೆ ತೆಗೆಯಿರಿ. ಬರೀ ಆರು ವಚನ. ದೇವರ ಮಾತನ್ನು ಹಗಲೂ ರಾತ್ರಿ ಧ್ಯಾನಿಸುವವನು ನೀರಿನ ಕಾಲುವೆ ಪಕ್ಕದ ಮರದ ಹಾಗಿರುತ್ತಾನೆ ಎನ್ನುತ್ತದೆ ಅದು. ಎಷ್ಟು ಓದಿದ ಅನ್ನುವ ಲೆಕ್ಕ ಅಲ್ಲಿಲ್ಲ. ಪುಸ್ತಕ ಮುಚ್ಚಿದ ಮೇಲೂ, ಪಾತ್ರೆ ತೊಳೆಯುವಾಗಲೂ, ಬಸ್ಸಿಗೆ ಕಾಯುವಾಗಲೂ ಒಂದು ಮಾತು ಮನಸ್ಸಿನಲ್ಲಿ ಸುಳಿದಾಡುತ್ತಿದ್ದರೆ ಅದೇ ಧ್ಯಾನ. ಇನ್ನೊಂದು ವಿಷಯವೂ ಅಲ್ಲಿದೆ. ಆ ಮರ ಹಣ್ಣು ಕೊಡುವುದು ತನ್ನ ಕಾಲ ಬಂದಾಗ. ಮಾರ್ಚ್, ಏಪ್ರಿಲ್‌ನಲ್ಲಿ ಹೂಮಳೆ ಬಿದ್ದು ಕಾಫಿ ಗಿಡ ಅರಳಿದರೂ ಅರೇಬಿಕಾ ಹಣ್ಣು ಕೊಯ್ಯುವುದಕ್ಕೆ ನಿಮ್ಮೂರಿನವರು ನವೆಂಬರ್ ತನಕ ಕಾಯುತ್ತಾರೆ. ಐದಕ್ಕೆ ಓದಿದ್ದಕ್ಕೆ ಎಂಟಕ್ಕೇ ಫಲ ಕೇಳಬೇಡಿ. ಯಜಮಾನರಿಗೂ ಇದನ್ನೇ ಹೇಳಿ.

ಹಾಗಂತ ಆ ಎಂಟು ಗಂಟೆಯನ್ನು ಸುಮ್ನೆ ಬಿಡೋದೂ ಬೇಡ. ಈ ವಾರಕ್ಕೆ ಒಂದೇ ವಚನ ಸಾಕು, ಬೈಬಲಿನಲ್ಲಿರುವ ಯಾಕೋಬನ ಪತ್ರಿಕೆ, ಅಂದರೆ ಅವನ ಪತ್ರದ, ಒಂದನೇ ಅಧ್ಯಾಯದ 19ನೇ ವಚನ. ಕಿವಿಗೊಡುವುದರಲ್ಲಿ ಬೇಗ, ಮಾತಿನಲ್ಲಿ ನಿಧಾನ, ಸಿಟ್ಟಿನಲ್ಲೂ ನಿಧಾನ ಎನ್ನುವುದು ಅದರ ತಿರುಳು. ಬೆಳಗ್ಗೆ ಬಾಯಿಬಿಟ್ಟು ನಾಲ್ಕು ಸಲ ಓದಿ. ಚೀಟಿಯಲ್ಲಿ ಬರೆದು ಒಲೆಯ ಹತ್ತಿರದ ಗೋಡೆಗೆ ಅಂಟಿಸಿ. ಮಕ್ಕಳು ಸಾಕ್ಸ್ ಸಿಗ್ತಿಲ್ಲ ಅಂತ ಬಂದರೆ ಮೊದಲು ಪೂರ್ತಿ ಕೇಳಿಸಿಕೊಳ್ಳಿ, ಆಮೇಲೆ ಬಾಯಿ ತೆರೆಯಿರಿ. ಅಷ್ಟಾಗಿಯೂ ಕಿರುಚಿಬಿಟ್ಟಿರಾ? ರಾತ್ರಿ ಮಲಗುವ ಮುಂಚೆ ಮಕ್ಕಳ ಹತ್ತಿರ ತಪ್ಪಾಯ್ತು ಅಂತ ಹೇಳಿ, ಅದೇ ವಚನವನ್ನು ಅವರ ಜೊತೆ ಕೂತು ಓದಿ. ದೇವರ ಮಾತಿಗೆ ಅಮ್ಮನೂ ತಲೆಬಾಗುತ್ತಾಳೆ ಅನ್ನೋದನ್ನು ಮಕ್ಕಳು ಕಣ್ಣಾರೆ ನೋಡಲಿ.

ಅಂದಹಾಗೆ, ಐದಕ್ಕೆ ಏಳುವವರು ಮಲಗುವುದು ಎಷ್ಟು ಹೊತ್ತಿಗೆ? ನಿದ್ದೆಗೆಟ್ಟರೆ ರೇಗುವುದು ಜಾಸ್ತಿ. ಮಧ್ಯಾಹ್ನ ಮನೆ ತಣ್ಣಗಿರುವಾಗ ಓದಿದರೂ ಏನೂ ತಪ್ಪಿಲ್ಲ. ಬೆಳಗಿನ ಡಬ್ಬಿ ಕೆಲಸದಲ್ಲಿ ಯಜಮಾನರೂ ಕೈಹಾಕಲಿ. ಈ ಉತ್ತರವನ್ನು ಅವರಿಗೂ ತೋರಿಸಿ.