ಫೋಟೊದಲ್ಲಿ ಕಾಫಿ ಬೀಜ ದಪ್ಪ ಆಗುವುದೇಕೆ?

ಪ್ರಶ್ನೆ: ಮೂಡಿಗೆರೆ ಹತ್ತಿರ ನಮ್ಮದು ಸಣ್ಣ ಕಾಫಿ ತೋಟ. ಬಿಳಿ ಹಾಳೆ ಮೇಲೆ ಬೀಜ ಹರಡಿ, ಪಕ್ಕದಲ್ಲಿ 10 ರೂಪಾಯಿ ನಾಣ್ಯ ಇಟ್ಟು, ಮೊಬೈಲ್‌ನಲ್ಲಿ ಫೋಟೊ ತೆಗೆಯುತ್ತೇನೆ. ಇಮೇಜ್‌ಜೆ ತಂತ್ರಾಂಶದಲ್ಲಿ ಅಳೆದರೆ ಅದೇ ಬೀಜದ ಅಗಲ ಒಮ್ಮೆ 6.5 ಮಿ.ಮೀ., ಇನ್ನೊಮ್ಮೆ 7 ಮಿ.ಮೀ. ಬರುತ್ತದೆ. ಹಾಳೆಯ ಕೆಳಗಡೆ ಇರುವ ಬೀಜಕ್ಕೆ ವೈ ಬೆಲೆ (ಚಿತ್ರದಲ್ಲಿ ಮೇಲೆ-ಕೆಳಗಿನ ಸ್ಥಾನ ಹೇಳುವ ಸಂಖ್ಯೆ) ಜಾಸ್ತಿ ತೋರಿಸುತ್ತದೆ. ತಪ್ಪು ಎಲ್ಲಿದೆ?

ಉತ್ತರ: ನಾಣ್ಯ ಇಟ್ಟಿದ್ದು ಒಳ್ಳೆಯದಾಯಿತು. ಅದನ್ನೇ ಮೊದಲು ನೋಡಿ. 10 ರೂಪಾಯಿ ನಾಣ್ಯದ ಅಡ್ಡಳತೆ 27 ಮಿ.ಮೀ. ಫೋಟೊದಲ್ಲಿ ಅದನ್ನು ಅಡ್ಡಕ್ಕೊಮ್ಮೆ, ಉದ್ದಕ್ಕೊಮ್ಮೆ ಅಳೆಯಿರಿ. ಎರಡೂ ಕಡೆ 540 ಪಿಕ್ಸೆಲ್ ಬಂದರೆ ಸರಿ. ಒಂದು 540, ಇನ್ನೊಂದು 510 ಬಂತೋ, ನಿಮ್ಮ ಮೊಬೈಲ್ ವಾಲಿತ್ತು ಅಂತಲೇ ಅರ್ಥ. ಆ ಫೋಟೊ ಬಿಟ್ಟುಬಿಡಿ.

540 ಪಿಕ್ಸೆಲ್‌ಗೆ 27 ಮಿ.ಮೀ. ಅಂದರೆ ಒಂದು ಮಿ.ಮೀ.ಗೆ 20 ಪಿಕ್ಸೆಲ್. ಇದೇ ಆ ಫೋಟೊದ ಸ್ಕೇಲ್. ಬೀಜದ ಅಂಚು ಎಲ್ಲಿ ಮುಗಿಯಿತು ಅಂತ ಗುರುತಿಸುವಾಗ ಆ ಕಡೆ ಈ ಕಡೆ ಎರಡೆರಡು ಪಿಕ್ಸೆಲ್ ಹೆಚ್ಚಾದರೂ 0.2 ಮಿ.ಮೀ. ಏರಿತು. ಬೀಜವನ್ನು ಗಾತ್ರದ ಪ್ರಕಾರ ವಿಂಗಡಿಸುವ ಜರಡಿಯ ನಂಬರ್ ಇರುವುದು ಇಂಚಿನ 64ನೇ ಭಾಗದಲ್ಲಿ. 17ಕ್ಕೂ 18ಕ್ಕೂ ಬರೀ 0.4 ಮಿ.ಮೀ. ವ್ಯತ್ಯಾಸ. ಅರ್ಧ ದಾರಿ ಅಲ್ಲೇ ಹೋಯಿತಲ್ವಾ?

ಅಂಚು ಕೆಡಿಸುವುದು ಹೆಚ್ಚಾಗಿ ನೆರಳು. ಹಾಸನದ ನಮ್ಮ ಮನೆಯಲ್ಲಿ ಕಾಫಿ ಎಲೆಯ ತುಕ್ಕು ಚುಕ್ಕೆ ಅಳೆಯುತ್ತಾ ಒಂದು ಮಳೆಗಾಲ ಕಳೆದಿದ್ದೇನೆ. ಸಂಜೆ ಕಿಟಕಿ ಪಕ್ಕ ತೆಗೆದ ಫೋಟೊಗಳಲ್ಲಿ ಎಲೆಯ ಒಂದು ಬದಿಗೆ ಬೂದು ಪಟ್ಟಿ ಅಂಟಿಕೊಂಡಿರುತ್ತಿತ್ತು. ತಂತ್ರಾಂಶ ಅದನ್ನೂ ಎಲೆ ಅಂತಲೇ ಲೆಕ್ಕ ಹಾಕಿತ್ತು. ಆಮೇಲೆ ಮೋಡ ಕವಿದ ಹೊತ್ತಲ್ಲಿ ಜಗಲಿಯಲ್ಲೇ ತೆಗೆದೆ. ಪಟ್ಟಿ ಮಾಯ.

ಮೊಬೈಲನ್ನು ತೀರಾ ಹತ್ತಿರ ಹಿಡಿಯಬೇಡಿ. ಬೀಜದ ಮೈ ಹಾಳೆಗಿಂತ ಎತ್ತರದಲ್ಲಿದೆ. ಹತ್ತಿರದಿಂದ ನೋಡಿದಷ್ಟೂ ಅದು ದೊಡ್ಡದಾಗಿ ಕಾಣುತ್ತದೆ. ಎರಡು ಅಡಿ ಮೇಲಿಂದ ತೆಗೆಯಿರಿ. ಬೀಜಗಳು ನಡುವೆ ಇರಲಿ, ಮೂಲೆಯಲ್ಲಿ ಲೆನ್ಸ್ ಆಕಾರ ಎಳೆಯುತ್ತದೆ. ಎಲ್ಲಾ ಬೀಜ ಚಪ್ಪಟೆ ಮುಖ ಕೆಳಗೆ ಮಾಡಿ ಮಲಗಲಿ.

ಇನ್ನೊಂದು ಮಾತು. ಫೋಟೊವನ್ನು ವಾಟ್ಸಾಪ್‌ನಲ್ಲಿ ಸುಮ್ನೆ ಕಳಿಸಿದರೆ ಅದು ಕುಗ್ಗುತ್ತದೆ. ಹಳೆಯ ಫೋಟೊದ ಸ್ಕೇಲ್ ಅದಕ್ಕೆ ಹೊಂದುವುದಿಲ್ಲ. ಡಾಕ್ಯುಮೆಂಟ್ ಆಗಿ ಕಳಿಸಿ, ಪ್ರತಿ ಫೋಟೊಗೂ ನಾಣ್ಯದಿಂದ ಹೊಸದಾಗಿ ಸ್ಕೇಲ್ ಹಾಕಿ.

ವೈ ಬೆಲೆಯಲ್ಲಿ ತಪ್ಪಿಲ್ಲ. ಚಿತ್ರದಲ್ಲಿ ಸೊನ್ನೆ ಇರುವುದು ಎಡಗಡೆ ಮೇಲಿನ ಮೂಲೆಯಲ್ಲಿ. ಪುಟ ಓದುವ ಹಾಗೆ ಅಲ್ಲಿಂದ ಕೆಳಕ್ಕೆ ಎಣಿಕೆ ಏರುತ್ತದೆ.