ಮೂರನೇ ಬಸಿರು ತೆಗೆಸು ಅಂತಿದ್ದಾರೆ, ಕ್ರೈಸ್ತಳಾಗಿ ಏನು ಮಾಡಲಿ?

ಎರಡು ತಿಂಗಳಾಗಿದೆ, ಮನೆಯವರಿಗೆ ಮೂರನೇ ಮಗು ಬೇಡ ಅಂತ ಬರೆದಿದ್ದೀರಿ. ನಾನು ಬೀದರ್‌ನವಳು, ಮೆಥೋಡಿಸ್ಟ್ ಸಭೆಯಲ್ಲಿ ಬೆಳೆದವಳು. ಉಳಿಸಿಕೊಳ್ಳಿ ಅಕ್ಕ ಅಂತಲೇ ಹೇಳುತ್ತೇನೆ.

ತಾಯಿಯ ಗರ್ಭದಲ್ಲಿ ನಮ್ಮನ್ನು ರೂಪಿಸುವವನು ದೇವರೇ ಅನ್ನುತ್ತದೆ ಬೈಬಲಿನ 139ನೇ ಕೀರ್ತನೆ. ಲೂಕನ ಸುವಾರ್ತೆಯ 1ನೇ ಅಧ್ಯಾಯದಲ್ಲಿ ಯೇಸುವಿನ ತಾಯಿ ಮರಿಯಳ ದನಿ ಕೇಳಿದ ಕೂಡಲೇ ಅವಳ ಬಂಧು ಎಲಿಸಬೇತಳ ಹೊಟ್ಟೆಯ ಕೂಸು ನಲಿಯುತ್ತದೆ. ಹುಟ್ಟುವ ಮೊದಲೇ ಅದು ಕೂಸು, ಅಲ್ವಾ?

1971ರ ವೈದ್ಯಕೀಯ ಗರ್ಭಪಾತ ಕಾಯ್ದೆ ಮತ್ತು 2021ರ ತಿದ್ದುಪಡಿ ಪ್ರಕಾರ ಕೆಲವು ಕಾರಣಗಳಿಗೆ 20 ವಾರದವರೆಗೆ, ಕೆಲವರಿಗೆ 24 ವಾರದವರೆಗೆ ಗರ್ಭಪಾತಕ್ಕೆ ಅವಕಾಶ ಇದೆ. ಆದರೆ ನಿಮ್ಮ ಒಪ್ಪಿಗೆ ಇಲ್ಲದೆ ಯಾರೂ ಮಾಡಿಸುವಂತಿಲ್ಲ. ಬಸಿರು ಗರ್ಭಕೋಶ ಬಿಟ್ಟು ಅಂಡನಾಳದಲ್ಲಿ ನಿಂತಿದ್ದರೆ ಮಾತ್ರ ಆಸ್ಪತ್ರೆಗೆ ಹೋಗಲು ತಡ ಮಾಡಬೇಡಿ, ಅದು ತಾಯಿಯ ಜೀವಕ್ಕೇ ಕುತ್ತು. ಅಂಥ ಬಸಿರು ತೆಗೆಸುವ ಚಿಕಿತ್ಸೆಯನ್ನು ಪಾಪ ಅಂತ ಕೊರಗಬೇಡಿ.

ನನ್ನ ಮೂರನೆಯವಳ ಬಸಿರಲ್ಲಿ ಜೋಳದ ಹಿಟ್ಟಿನ ವಾಸನೆಗೇ ವಾಂತಿ. ಒಲೆ ಮುಂದೆ ಕೂರೋಕೆ ಆಗ್ತಿರಲಿಲ್ಲ. ಯಜಮಾನರು ದಿನಾ ಕೊಡ ತುಂಬಿಟ್ಟು ಹೋಗುತ್ತಿದ್ದರು. ಸಭೆಯ ಅಕ್ಕಂದಿರು ಪಾಳಿ ಹಚ್ಚಿ, ಬಟ್ಟೆಯಲ್ಲಿ ಬಿಸಿ ರೊಟ್ಟಿ ಸುತ್ತಿ ತಂದು ಕೊಟ್ಟರು. ಮಗು ಉಳಿಸು ಅಂತ ಸುಮ್ನೆ ಉಪದೇಶ ಮಾಡಿದ್ದರೆ ನನಗೆ ಸಿಟ್ಟೇ ಬರುತ್ತಿತ್ತು. ಮನೆಗೆಲಸಕ್ಕೆ ಕೈ ಕೊಡಿ ಅಂತ ನೀವೂ ಬಾಯಿ ಬಿಟ್ಟು ಕೇಳಿ.

ಸಾಕಲು ಆಗೋದೇ ಇಲ್ಲ ಅನ್ನಿಸಿದರೆ, ಹೆತ್ತ ಮೇಲೆ ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿಗೆ ಕಾನೂನು ಪ್ರಕಾರ ಒಪ್ಪಿಸಬಹುದು. ಮನಸ್ಸು ಬದಲಾಯಿಸಲು 2 ತಿಂಗಳು ಸಮಯ ಇರುತ್ತದೆ. ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ ಕೇಳಿ.